ಎಡಗಡೆಗೆ ಒಂದು ಬೆರಳು ಹೆಚ್ಚು

ತೂಕದ ವಿಷಯದಲ್ಲಿ ನಾನು ಯಾರನ್ನೂ ನಂಬುವುದಿಲ್ಲ. ಅದು ನನ್ನ ಹೊಟ್ಟೆಪಾಡು. ಮಲಯ್ ನಾಡಿನ ಕ್ಲಾಂಗ್ ಬಂದರಿನ ಒಂದು ಸರಕು ಸಾಗಣೆ ಕಚೇರಿಯಲ್ಲಿ ಕೂತು, ಕಂಟೇನರ್ ಕಳಿಸಿದವರು ಹೇಳಿದ ಭಾರವೂ ತಕ್ಕಡಿ ತೋರಿಸಿದ ಭಾರವೂ ತಾಳೆಯಾಗುತ್ತವೆಯೇ ಎಂದು ನೋಡುವುದು ನನ್ನ ಕೆಲಸ. ತಾಳೆಯಾಗದಿದ್ದರೆ ಫೋನ್ ಮಾಡಿ ಕೇಳುತ್ತೇನೆ. ಆ ಕಡೆಯವರು ಮೊದಲು ನಗುತ್ತಾರೆ, ಆಮೇಲೆ ಸಿಟ್ಟಾಗುತ್ತಾರೆ, ಕೊನೆಗೆ ಸರಿಯಾದ ಅಂಕಿ ಹೇಳುತ್ತಾರೆ. ಈ ಕ್ರಮ ತಪ್ಪಿದ್ದನ್ನು ನಾನು ಕಂಡಿಲ್ಲ.

ಹಾಗಾಗಿ ಮಾಂಟ್ ಕಿಯಾರಾದ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಒಂದು ಬೆಳಿಗ್ಗೆ, ಗಂಡನ ಹಳೆಯ ಕಾರಿನ ಎಡ ಮಡ್‌ಗಾರ್ಡ್ ಬಲದ್ದಕ್ಕಿಂತ ಒಂದು ಬೆರಳು ಮೇಲಿರುವುದು ಕಂಡಾಗ ಸುಮ್ಮನೆ ದಾಟಿಹೋಗಲು ನನ್ನಿಂದಾಗಲಿಲ್ಲ. ಆಫೀಸಿಗೆ ತಡವಾಗುತ್ತಿದ್ದರೂ ಅಲ್ಲೇ ನಿಂತು ಬೆರಳಿಟ್ಟು ಅಳೆದೆ. ಹೌದು, ಎಡಗಡೆಯೇ ಎತ್ತರ.

ಅದು ಎಪ್ಪತ್ತರ ದಶಕದ ಎರಡು ಬಾಗಿಲಿನ ಮಸಲ್ ಕಾರು. ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ಬಂದದ್ದು, ಆದ್ದರಿಂದ ಸ್ಟೀರಿಂಗ್ ನಮ್ಮೂರಿನ ಹಾಗೆ ಬಲಕ್ಕಿದೆ. ಉದ್ದ ಮೂತಿ, ನೆಲಕ್ಕೆ ತಾಗುವಂಥ ಹೊಟ್ಟೆ, ಶುರು ಮಾಡಿದರೆ ಇಡೀ ಕಟ್ಟಡದ ಕೂಸುಗಳು ಎದ್ದು ಕೂರುವಂಥ ಸದ್ದು. ನಾನದನ್ನು ಸವತಿ ಎಂದೇ ಕರೆಯುವುದು. "ಮಾರಿಬಿಡ್ರಿ ಅದನ್ನ" ಎಂದು ಬೇಜಾರಾದಾಗಲೆಲ್ಲ ಹೇಳುತ್ತಿದ್ದೆ. ಅವರು ಕಿವುಡರಂತೆ ಕಾರು ಒರೆಸುತ್ತಿದ್ದರು.

ಅದರ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗ್ ಇಲ್ಲ. ಎರಡೂ ಕಡೆ ಒಂದೊಂದು ಉದ್ದನೆಯ ಉಕ್ಕಿನ ಸರಳಿದೆ. ಕೆಳಗಿನ ಬೋಲ್ಟ್ ಬಿಗಿ ಮಾಡಿದರೆ ಸರಳು ತಿರುಚಿಕೊಂಡು ಆ ಕಡೆ ಕಾರು ಮೇಲೇಳುತ್ತದೆ, ಸಡಿಲ ಮಾಡಿದರೆ ಕೂರುತ್ತದೆ. ನನ್ನ ಗಂಡ ಮೈಸೂರಿನವರು, ಆಳು ದಪ್ಪ. ಅವರು ಡ್ರೈವರ್ ಸೀಟಿನಲ್ಲಿ ಕೂತರೆ ಬಲಗಡೆ ಕುಸಿಯುತ್ತದೆ. ಅದಕ್ಕೇ ಬಲಗಡೆಯನ್ನು ಮೊದಲೇ ಒಂದು ಬೆರಳು ಎತ್ತರಿಸಿ ಇಡಿಸಿದ್ದರು. ಖಾಲಿ ನಿಂತಾಗ ಕಾರು ಓರೆ. ಅವರು ಬಲಕ್ಕೆ, ನಾನು ಎಡಕ್ಕೆ ಕೂತರೆ ಸಮ. "ಇದು ನಮ್ಮಿಬ್ಬರ ಅಳತೆಗೆ ಹೊಲಿಸಿದ ಕಾರು ಕಣೇ" ಎನ್ನುತ್ತಿದ್ದರು. ಸವತಿಯ ಬಗ್ಗೆ ನನಗೆ ಹಿಡಿಸಿದ ಮಾತು ಅದೊಂದೇ.

ಈಗ ಓರೆ ತಿರುಗಿಬಿಟ್ಟಿತ್ತು. ಸಂಜೆ ಮನೆಗೆ ಬಂದವಳೇ ಕೇಳಿದೆ. ನಾನು ಹುಬ್ಬಳ್ಳಿಯವಳು, ಕೇಳುವುದನ್ನು ಸುತ್ತಿ ಬಳಸಿ ಕೇಳುವ ಅಭ್ಯಾಸವಿಲ್ಲ.

"ಕಾರ್ ಯಾಕ್ರೀ ಹಂಗ ನಿಂತೈತಿ?"

ಅವರು ನಕ್ಕರು. "ಹೊಸದಾಗಿ ಹೈಟ್ ಸೆಟ್ ಮಾಡಿದ್ದಾರೆ ಕಣೇ, ಇನ್ನೂ ಕೂರ್ಬೇಕು. ಶನಿವಾರ ಇನ್ನೊಂದ್ ಸಲ ನೋಡ್ತಾರೆ."

"ಎಡಗಡೆ ಎತ್ತರ ಐತಲ್ರೀ. ನಿಮ್ಮ ಕಡೆ ಅಲ್ಲೇನು ಇರಬೇಕಾಗಿದ್ದು?"

"ಬಂದರಲ್ಲಿ ಕಂಟೇನರ್ ನೋಡೋದ್ ಬಿಟ್ಟು ನನ್ನ ಕಾರಿನ ಹಿಂದೆ ಯಾಕೆ ಬಿದ್ದಿದ್ದೀಯ?" ಎಂದು ರೇಗಿದರು.

ಮೊದಲು ನಗು, ಆಮೇಲೆ ಸಿಟ್ಟು. ಸರಿಯಾದ ಅಂಕಿ ಮಾತ್ರ ಬರಲಿಲ್ಲ.

ಅಲ್ಲಿಂದ ನನ್ನ ತಲೆಯೊಳಗೆ ಹುಳ ಹೊಕ್ಕಿತು. ಹುಳ ಹೊಕ್ಕ ಮೇಲೆ ನೋಡಿದ್ದೆಲ್ಲಾ ಸಾಕ್ಷಿಯೇ. ಮೊದಲಾಗಿದ್ದರೆ ಆ ಕಾರಿನ ಸ್ಟೀರಿಂಗನ್ನು ಬೇರೆಯವರು ಮುಟ್ಟಿದರೆ ಮೈಮೇಲೆ ಬಂದವರಂತೆ ಆಡುತ್ತಿದ್ದ ಮನುಷ್ಯ, ಈಗ ಮೆಕ್ಯಾನಿಕ್ಕೇ ಬಂದು ಒಯ್ಯಲಿ, ಮೆಕ್ಯಾನಿಕ್ಕೇ ತಂದು ಬಿಡಲಿ ಎನ್ನುತ್ತಿದ್ದರು. ಶನಿವಾರಗಳಲ್ಲಿ ಆ್ಯಪ್‌ನಲ್ಲಿ ಟ್ಯಾಕ್ಸಿ ಕರೆದು ಎಲ್ಲಿಗೋ ಹೋಗುತ್ತಿದ್ದರು. ಮನೆಯಲ್ಲಿ ಎರಡು ಕಾರಿರುವವನು ಟ್ಯಾಕ್ಸಿಯಲ್ಲಿ ಹೋಗುವುದೆಂದರೆ, ಕಾರು ಎಲ್ಲಿ ನಿಂತಿತ್ತೆಂದು ಯಾರಿಗೂ ಗೊತ್ತಾಗಬಾರದು ಎಂದಲ್ಲವೇ? ನಾವಿಬ್ಬರೂ ಹೊರಗೆ ಹೊರಟರೆ ದಿನಬಳಕೆಯ ಆಟೋಮ್ಯಾಟಿಕ್ ಕಾರಿನ ಕೀಲಿಯನ್ನು ನನ್ನ ಕೈಗೆ ಹಾಕಿ, "ನೀನೇ ಓಡ್ಸು, ನಂಗೆ ಫೋನಲ್ಲಿ ಕೆಲಸ ಇದೆ" ಎನ್ನುತ್ತಿದ್ದರು. ಮೆತ್ತನೆ ಅಟ್ಟೆಯ ಹೊಸ ಬೂಟು ಬಂದಿತ್ತು, ಕಾಲೇಜು ಹುಡುಗರು ಹಾಕುವಂಥದ್ದು. ಒಂದು ದಿನ ಊಟದ ನಡುವೆ, ಮದುವೆಯಾದಾಗಿನಿಂದ ಕೇಳದಿದ್ದ ಪ್ರಶ್ನೆ ಕೇಳಿದರು: "ಡಾಕ್ಟರ್ ಹತ್ರ ಹೋಗಿದ್ಯಲ್ಲ, ತೂಕ ಎಷ್ಟು ಬಂತು?" ನನ್ನ ತಟ್ಟೆಯಲ್ಲಿ ಎರಡನೇ ಸಲದ ಅನ್ನವಿತ್ತು. ಏನೋ ಒಂದು ಅಂಕಿ ಒಗೆದು ಬಾಯಿ ಮುಚ್ಚಿಸಿದೆ. ಇವರಿಗೆ ಈಗ ಯಾರ ಜೊತೆ ಹೋಲಿಸಿ ನೋಡಬೇಕಾಗಿದೆ ಎಂದು ಮನಸ್ಸು ಕಹಿಯಾಯಿತು.

ಯಾರ ಜೊತೆ ಎಂಬುದನ್ನೂ ನಾನೇ ಗೊತ್ತು ಮಾಡಿಕೊಂಡೆ. ಇವರ ಹಳೆಯ ಕಾರುಗಳ ಗುಂಪಿನಲ್ಲಿ ಒಬ್ಬಳು ಹೆಂಗಸು ಇದ್ದಾಳೆ. ತೆಳ್ಳಗೆ, ಕಡ್ಡಿಯ ಹಾಗೆ. ಎಂಥ ಕಾರನ್ನಾದರೂ ಮೂಗುದಾರ ಹಾಕಿದ ಎತ್ತಿನ ಹಾಗೆ ನಡೆಸುತ್ತಾಳೆಂದು ಇವರೇ ಹೊಗಳಿದ್ದುಂಟು. ಗುಂಪಿನ ಫೋಟೋಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಪಾಪ, ಅವಳು ಪ್ರತಿ ಫೋಟೋದಲ್ಲೂ ತನ್ನ ಕಾರಿನ ಪಕ್ಕವೇ ನಿಂತಿದ್ದಳು. ಅದೂ ನನಗೆ ಜಾಣತನವೆಂದೇ ಕಂಡಿತು.

ಶನಿವಾರ ಆಫೀಸಿನಲ್ಲಿ ಅರ್ಧ ದಿನ. ಮನೆಯಲ್ಲಿ ಪೂರ್ತಿ ದಿನವೆಂದು ಹೇಳಿ, ಮಧ್ಯಾಹ್ನ ನೇರವಾಗಿ ಕ್ಲಾಂಗ್‌ನಲ್ಲಿರುವ ಗ್ಯಾರೇಜಿಗೆ ಹೋದೆ. ಬರಿಗೈಲಿ ಹೋದರೆ ತಪಾಸಣೆಗೆ ಬಂದ ಹಾಗಿರುತ್ತದೆಂದು ದಾರಿಯಲ್ಲಿ ಒಂದಿಷ್ಟು ವಡೆ ತಪಾವ್ ಮಾಡಿಸಿಕೊಂಡೆ. ಪೊಟ್ಟಣ ಕಟ್ಟಿಸಿಕೊಂಡು ಹೋಗುವುದಕ್ಕೆ ಇಲ್ಲಿ ಎಲ್ಲರೂ ಹಾಗೆಯೇ ಅನ್ನುವುದು, ನನ್ನ ಬಾಯಿಗೂ ಅದೇ ಬಂದಿದೆ.

ಗ್ಯಾರೇಜಿನವರು ತಮಿಳರು, ನನಗಿಂತ ಹಿರಿಯರು, ನಾನು ಅಣ್ಣ ಎನ್ನುತ್ತೇನೆ. ತಮಿಳು, ಮಲಯ್, ಇಂಗ್ಲಿಷ್ ಮೂರನ್ನೂ ಕಲಸಿ, ಇಲ್ಲಿಯವರ ಹಾಗೆ ಕೊನೆಗೊಂದು 'ಲಾ' ಸೇರಿಸಿ ಮಾತಾಡುತ್ತಾರೆ. ನಾನು ಕನ್ನಡಕ್ಕೆ ತಮಿಳಿನ ಬಾಲ ಹಚ್ಚಿ ಉತ್ತರಿಸುತ್ತೇನೆ. "ವಾಂಗಮ್ಮಾ! ಸಾರ್ ಪಕ್ಕದ ಮಾಮಕ್ ಅಂಗಡಿಲ ಟೀ ಕುಡಿಯಕ್ಕೆ ಪೋಯಿಟ್ಟಾರ್, ಈಗ ಬರ್ತಾರ್ ಲಾ" ಎಂದು ಕುರ್ಚಿ ಎಳೆದು ಕೊಟ್ಟರು. "ತೆರಿಮಾ ಕಾಸಿ" ಎಂದು ಮಲಯ್‌ನಲ್ಲಿ ಧನ್ಯವಾದ ಹೇಳಿದೆ. "ಸಾಮಾ ಸಾಮಾ" ಎಂದರು. ಇಲ್ಲಿ ಯಾರಿಗೆ ಧನ್ಯವಾದ ಹೇಳಿದರೂ ಸಿಗುವ ಉತ್ತರವದು. ಬಂದ ಹೊಸದರಲ್ಲಿ ನನ್ನ ಕಿವಿಗೆ 'ಸಮ ಸಮ' ಎಂದೇ ಕೇಳುತ್ತಿತ್ತು, ನಮ್ಮಿಬ್ಬರ ಲೆಕ್ಕ ಚುಕ್ತಾ ಆಯಿತು ಎಂಬಂತೆ.

ಕುರ್ಚಿಯಲ್ಲಿ ನಾನು ಕೂರಲಿಲ್ಲ. ಸವತಿ ನಡುಮನೆಯಲ್ಲಿ ಅಲಂಕಾರ ಮಾಡಿಕೊಂಡು ನಿಂತಂತೆ ನಿಂತಿದ್ದಳು, ಮಡ್‌ಗಾರ್ಡಿಗೆ ಅಳತೆ ಟೇಪು ಅಂಟಿಸಿಕೊಂಡು. ಒಳಗೆ ಬಗ್ಗಿ ನೋಡಿದರೆ ಎರಡೂ ಸೀಟಿನಲ್ಲಿ ಅಕ್ಕಿ ಚೀಲಗಳು, ಬೆಲ್ಟ್ ಹಾಕಿಸಿಕೊಂಡು ಕೂತಿದ್ದವು.

"ಏನಣ್ಣಾ ಇದು, ಅಕ್ಕಿ?"

"ಅರಿಸಿ ಇಲ್ಲೆಮ್ಮಾ, ಆಳು!" ಎಂದು ನಕ್ಕರು. "ಇದು ಡ್ರೈವರ್, ಅದು ಪ್ಯಾಸೆಂಜರ್. ಯಾರು ಕೂರ್ತಾರೋ ಅವರ ವೇಟ್ ಇಟ್ಟು ಸೆಟ್ ಮಾಡಿದ್ರೆ ಕರೆಕ್ಟ್ ಲಾ."

ಚೀಲದ ಮೇಲೆ ತೂಕ ಬರೆದಿರುತ್ತದೆ. ಕೂಡಿಸುವುದು ನನಗೆ ಉಸಿರಾಡಿದಷ್ಟೇ ಸಲೀಸು. ಎಡಗಡೆಯ ಸೀಟಿನ ರಾಶಿ ಎಂಬತ್ತೆಂಟು ಕಿಲೋ. ಅದು ನನ್ನ ಗಂಡ, ಎಳ್ಳಷ್ಟೂ ಅನುಮಾನವಿಲ್ಲ. ಡ್ರೈವರ್ ಸೀಟಿನಲ್ಲಿ ದೊಡ್ಡ ಚೀಲಗಳ ಮೇಲೊಂದು ಚಿಕ್ಕದು, ಅದರ ಮೇಲೆ ಒಂದು ಕಿಲೋ ಹಿಟ್ಟಿನ ಪೊಟ್ಟಣ. ಒಟ್ಟು ಐವತ್ತಾರು. ನಾನು ಅರವತ್ತೆರಡು. ಕಡ್ಡಿಯಂಥವಳು ಓಡಿಸುತ್ತಾಳೆ, ಇವರು ಪಕ್ಕದಲ್ಲಿ ಕೂತು ಊರು ನೋಡುತ್ತಾರೆ, ಅದಕ್ಕೆ ಗ್ರಾಂ ಲೆಕ್ಕದ ತಯಾರಿ ಬೇರೆ ನಡೆದಿದೆ. ಇಷ್ಟು ವರ್ಷದ ಸಂಸಾರ ಒಂದು ಹಿಟ್ಟಿನ ಪೊಟ್ಟಣದ ಮುಂದೆ ಮುಗಿದುಹೋಯಿತೆಂದು ನನಗೆ ನಿಜವಾಗಿಯೂ ಅನಿಸಿತು. ವಡೆಯ ಪೊಟ್ಟಣವನ್ನು ಎಷ್ಟು ಬಿಗಿ ಹಿಡಿದಿದ್ದೆನೆಂದರೆ ಎಣ್ಣೆ ಸೀರೆಗೆಲ್ಲ ಇಳಿದಿತ್ತು.

ಆಗ ಅವರು ಬಂದರು. ನನ್ನನ್ನು ನೋಡಲಿಲ್ಲ. ನೆಲ ನೋಡುತ್ತಾ ಬರುತ್ತಿದ್ದರು. ಗ್ಯಾರೇಜಿನ ಹೊಸ್ತಿಲ ಹತ್ತಿರ ನಿಂತು, ಬಲಗಾಲನ್ನು ಕಣ್ಣಿಂದಲೇ ಎತ್ತಿ ಒಳಗಿಟ್ಟ ಹಾಗೆ ಇಟ್ಟರು. ಅದು ನನಗೆ ವಿಚಿತ್ರವೆನಿಸಿತು, ಆದರೆ ಬಾಯಿ ಅಷ್ಟರಲ್ಲೇ ಓಡಿತ್ತು.

"ಯಾರ್ರೀ ಈಕಿ? ಐವತ್ತಾರು ಕಿಲೋದಾಕಿ? ಹೇಳ್ರಿ, ಅಣ್ಣಾರ ಮುಂದನ ಹೇಳ್ರಿ!"

ಅವರು ಚೀಲ ನೋಡಿದರು, ನನ್ನನ್ನು ನೋಡಿದರು. ಈ ಸಲ ನಗಲಿಲ್ಲ, ಸಿಟ್ಟಾಗಲಿಲ್ಲ.

"ನೀನೇ ಕಣೇ" ಎಂದರು.

"ನಾನು ಐವತ್ತಾ—" ಎಂದವಳು ನಾಲಿಗೆ ಕಚ್ಚಿಕೊಂಡೆ. ಊಟದ ತಟ್ಟೆಯ ಮುಂದೆ ಒಗೆದ ಅಂಕಿ ಆಗ ನೆನಪಾಯಿತು.

ಅವರು ಪಕ್ಕದಲ್ಲಿದ್ದ ಟೈರಿನ ಮೇಲೆ ಕೂತು ಬಲಗಾಲಿನ ಬೂಟು ಬಿಚ್ಚಿದರು. "ಈ ಕಾಲು ಗೊತ್ತಾಗ್ತಿಲ್ಲ. ಶುಗರ್ ಇತ್ತಲ್ಲ, ನರ ಹೋಗಿದೆ ಅಂತಾರೆ. ಅವತ್ತು ಮಾಲ್‌ನಲ್ಲಿ ಚಪ್ಪಲಿ ಕಳಚಿ ಹಿಂದೆ ಬಿದ್ದಿದೆ, ನಂಗೆ ಗೊತ್ತೇ ಆಗಿಲ್ಲ, ಯಾರೋ ಎತ್ಕೊಂಡ್ ಬಂದು ಕೊಟ್ರು. ಬ್ರೇಕ್ ಮೇಲಿದೆಯೋ ಆಕ್ಸಿಲರೇಟರ್ ಮೇಲಿದೆಯೋ ತಿಳಿಯಲ್ಲ ಕಣೇ. ಡಾಕ್ಟರು ಓಡಿಸ್ಲೇಬೇಡಿ ಅಂದ್ರು."

ಶನಿವಾರದ ಟ್ಯಾಕ್ಸಿ ಆಸ್ಪತ್ರೆಗೆ ಹೋಗುತ್ತಿತ್ತು. ಬೂಟನ್ನು ಡಾಕ್ಟರೇ ಹೇಳಿ ತರಿಸಿದ್ದರು. ಫೋನಿನಲ್ಲಿ ಯಾವ ಕೆಲಸವೂ ಇರಲಿಲ್ಲ. ನನಗೆ ಮೊದಲು ಸಮಾಧಾನವಾಯಿತು, ನಾಚಿಕೆ ಬಿಟ್ಟು ಹೇಳುತ್ತೇನೆ, ದೊಡ್ಡ ಸಮಾಧಾನ. ಅದರ ಬೆನ್ನಿಗೇ ಆ ಬರಿಗಾಲನ್ನು ನೋಡಿ ಭಯವಾಯಿತು. ಹೆಬ್ಬೆರಳಿನ ಹತ್ತಿರ ಒಂದು ಗಾಯ ಮಾಯುತ್ತಿತ್ತು. ಒಂದೇ ಮನೆಯಲ್ಲಿದ್ದು, ಮಡ್‌ಗಾರ್ಡಿನ ಒಂದು ಬೆರಳು ಕಂಡವಳಿಗೆ ಅದು ಕಂಡಿರಲಿಲ್ಲ. ಆಮೇಲೆ ಸಿಟ್ಟು ಬಂತು.

"ನನಗ ಹೇಳಾಕ ಏನಾಗಿತ್ತು?"

"ಹೇಳಿದ್ರೆ ನೀನು ಕಾರ್ ಮಾರಿ ಅಂತಿದ್ದೆ."

ಅನ್ನುತ್ತಿದ್ದೆ. ಅದೇ ದಿನ ಅನ್ನುತ್ತಿದ್ದೆ.

"ನೀನು ಹುಬ್ಬಳ್ಳೀಲಿ ಗೇರ್ ಗಾಡಿಲೇ ಅಲ್ವಾ ಕಲ್ತಿದ್ದು? ನೀನು ಓಡಿಸಿದ್ರೆ ನಾನು ಪಕ್ಕದಲ್ಲಾದ್ರೂ ಕೂರ್ಬಹುದು ಅಂತ. ಕಾರನ್ನ ನಿನ್ನ ಅಳತೆಗೆ ರೆಡಿ ಮಾಡ್ಸಿ, ಆಮೇಲೆ ಕೇಳೋಣ ಅಂತಿದ್ದೆ." ಇಷ್ಟು ಹೇಳಿ ಅವರು ಬೂಟಿನ ಲೇಸು ಕಟ್ಟತೊಡಗಿದರು, ಬಹಳ ಹೊತ್ತು ಕಟ್ಟಿದರು.

ವಡೆ ಪೊಟ್ಟಣವನ್ನು ಕುರ್ಚಿಯ ಮೇಲಿಟ್ಟು ನಾನು ಬಲಗಡೆಯ ಬಾಗಿಲು ತೆರೆದೆ. "ಅಣ್ಣಾ, ಈ ಚೀಲ ತೆಗೀರಿ. ಆಳು ಬಂದೈತಲ್ಲ, ಅಕ್ಕಿ ಯಾಕ?" ಅಣ್ಣ ಎರಡೂ ಕಡೆಯ ಚೀಲ ಇಳಿಸಿದರು. ನಾನು ಸ್ಟೀರಿಂಗಿನ ಹಿಂದೆ ಕೂತೆ. "ನೀವೂ ಕೂಡ್ರಿ" ಎಂದೆ. ಅವರು ಎಡಗಡೆಯಿಂದ, ಹೊಸ ಮನೆಗೆ ಬಂದ ನೆಂಟರ ಹಾಗೆ ಸಂಕೋಚದಿಂದ ಒಳಗೆ ಬಂದರು.

ಅಣ್ಣ ಕಾರನ್ನು ಎರಡು ಸಲ ಅದುಮಿ ಬಿಟ್ಟು, ಟೇಪು ಹಿಡಿದು ಎಡಗಡೆ ನೋಡಿದರು, ಬಲಗಡೆ ನೋಡಿದರು, ಮತ್ತೆ ಬಲಗಡೆಯೇ ನೋಡಿದರು. "ಡ್ರೈವರ್ ಸೈಡ್ ಇಳಿದಿದೆಯಮ್ಮಾ. ಅರಿಸಿ ಇದ್ದಾಗ ಕರೆಕ್ಟಾ ಇತ್ತು. ಚೀಲದಲ್ಲಿ ತೂಕ ಕಮ್ಮಿಯಾ?"

ನನ್ನ ಗಂಡ ಮುಂದಿನ ಗಾಜನ್ನೇ ನೋಡುತ್ತಿದ್ದರು.

"ನೀನು ಐವತ್ತಾರು ಅಂದಿದ್ದೆ" ಎಂದರು.

"ನೀವು ಫೋನಿನ್ಯಾಗ ಕೆಲಸ ಐತಿ ಅಂದಿದ್ರಿ" ಎಂದೆ.

ನಾವು ಇಳಿಯಲು ಹೋದಾಗ ಅಣ್ಣ ಬೇಡವೆಂದರು. ನಮ್ಮಿಬ್ಬರನ್ನೂ ಕೂರಿಸಿಕೊಂಡೇ ಕಾರನ್ನು ಜಾಕಿನಲ್ಲಿ ಎತ್ತಿದರು. ಕೆಳಗೆ ನನ್ನ ಕಡೆ ಸ್ಪ್ಯಾನರ್ ತಿರುಗಿದ ಸದ್ದು ಪಾದದಡಿಯಲ್ಲಿ ಕೇಳಿತು. ಬಿಗಿ ಮಾಡಿ, ಇಳಿಸಿ, ಮತ್ತೆ ಎರಡು ಸಲ ಅದುಮಿ, ಟೇಪು ಹಿಡಿದು ಎಡಗಡೆ ಬಲಗಡೆ ನೋಡಿ ಹೆಬ್ಬೆರಳೆತ್ತಿದರು. ನನ್ನ ಗಂಡ ಕೀಲಿಯನ್ನು ನನ್ನ ಅಂಗೈಗೆ ಹಾಕಿ, ಕೈಯನ್ನು ಅಲ್ಲೇ ಬಿಟ್ಟರು.

"ತೆರಿಮಾ ಕಾಸಿ, ಅಣ್ಣಾ" ಎಂದೆ.

"ಸಾಮಾ ಸಾಮಾ" ಎಂದು ಅಣ್ಣ ಗ್ಯಾರೇಜಿನ ಬಾಗಿಲನ್ನು ಅಗಲಕ್ಕೆ ತೆರೆದರು. ನಾನು ಕ್ಲಚ್ ತುಳಿದೆ.