ಊರ ಹೆಸರು ಹೊತ್ತವರು

ರಾಯಚೂರಿನ ನಮ್ಮ ಮನೆಯಲ್ಲಿ ಕೌದಿಗಳನ್ನು ಮಡಚಿಡುವ ತಗಡಿನ ಟ್ರಂಕಿನ ಮುಚ್ಚಳದ ಮೇಲೆ, ಅರ್ಧ ಉದುರಿದ ಬಿಳಿ ಬಣ್ಣದ ಇಂಗ್ಲಿಷ್ ಅಕ್ಷರಗಳಲ್ಲಿ ‘ಬಾರ್ಟನ್’ ಎಂದು ಬರೆದಿದೆ. ಯಾವ ಕಾಲದ ಯಾವ ದೊರೆಯದೋ, ಅಪ್ಪ ಅದನ್ನು ಗುಜರಿಯಿಂದ ತಂದದ್ದಷ್ಟೇ ಗೊತ್ತು. ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದ ಮೇಷ್ಟ್ರು ನಾನು. ಹೆಸರು ಕಂಡರೆ ನಿಘಂಟು ತೆರೆಯದೆ ಕೈ ಸುಮ್ಮನಿರುವುದಿಲ್ಲ. ಬಾರ್ಟನ್ ಎಂದರೆ ಜವೆಗೋಧಿ ಬೆಳೆಯುವ ಊರಂತೆ. ಅಲ್ಲಿ ಉತ್ತು ಬಿತ್ತಿಕೊಂಡಿದ್ದವರು ಒಬ್ಬರನ್ನೊಬ್ಬರು ಹಾಗೆ ಕರೆದಿರಲಾರರು. ಊರು ಬಿಟ್ಟು ಬಂದವನನ್ನು ಹೊಸ ಊರಿನವರು ಗುರುತಿಗೆಂದು ಹಾಗೆ ಕರೆದರು; ಅವನ ಮಕ್ಕಳು ಮೊಮ್ಮಕ್ಕಳು ಜವೆಯ ತೆನೆಯನ್ನೇ ಕಾಣದೆ ಆ ಹೆಸರನ್ನು ಹೊತ್ತು ನಡೆದರು.

ನೋಡಿ, ನಮ್ಮ ಸೀಮೆಯಲ್ಲೂ ಇದೇ ಕತೆ. ಮಾನ್ವಿ ಎಂಬ ಅಡ್ಡಹೆಸರಿನವರನ್ನು ಹುಡುಕಬೇಕಾದರೆ ದೇವದುರ್ಗಕ್ಕೆ ಹೋಗಬೇಕು; ಮಾನ್ವಿಯಲ್ಲಿ ಸಿಗುವುದಿಲ್ಲ. ನನ್ನ ಅಡ್ಡಹೆಸರು ಕಲ್ಲೂರ. ಅಪ್ಪನನ್ನು ಶಾಲೆಗೆ ಸೇರಿಸಿದ ದಿನ ರಾಯಚೂರಿನ ಹೆಡ್‌ಮಾಸ್ತರರು ಯಾವೂರೆಂದು ಕೇಳಿ, ಬಂದ ಉತ್ತರವನ್ನೇ ಅಡ್ಡಹೆಸರೆಂದು ಬರೆದುಕೊಂಡರಂತೆ. ಕಲ್ಲೂರಿನಲ್ಲಿ ನಮ್ಮ ಮನೆತನಕ್ಕೆ ಬೇರೆಯೇ ಹೆಸರಿತ್ತು, ಬಾವಿಮನಿ, ಹಿರೇಮನಿ ಎಂಬಂಥದ್ದೇನೋ. ಅಪ್ಪ ಇರುವಾಗ ಕೇಳಿಕೊಳ್ಳುವ ಬುದ್ಧಿ ಬರಲಿಲ್ಲ. ಹೋದ ವರ್ಷ ಅವರು ತೀರಿಕೊಂಡ ಮೇಲೆ, ಆ ಹೆಸರನ್ನು ಯಾರ ಬಾಯಿಂದಾದರೂ ಒಮ್ಮೆ ಕೇಳಬೇಕೆಂಬ ಹಂಬಲ ಮನಸ್ಸಿನೊಳಗೆ ಕೂತುಬಿಟ್ಟಿತು. ಅರವತ್ತು ದಾಟಿದವನಿಗೆ ಇದೇನು ಹುಚ್ಚು ಎಂದು ನಗಬೇಡಿ.

ಬಸ್ಸು ಹತ್ತಿ ಕಲ್ಲೂರಿಗೆ ಹೋದೆ. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಅಜ್ಜಿಯೊಬ್ಬರು ಮೊರ ಕೆಳಗಿಟ್ಟು, “ಯಾರ ಪೈಕಿರೀ ಯಪ್ಪಾ?” ಎಂದರು.

“ಕಲ್ಲೂರವ್ರು ರೀ. ರಾಯಚೂರಾಗ ಇರ್ತೀವಿ.”

“ಇಲ್ಲಿ ಇರೋರೆಲ್ಲಾ ಕಲ್ಲೂರವ್ರೇ ಅದಾರ. ನೀವು ಯಾರ ಮನಿಯವ್ರು?”

ಅದನ್ನೇ ಕೇಳಲು ಬಂದವನು ನಾನು. ಅಜ್ಜನ ಹೆಸರು ಬಸಪ್ಪ ಎಂದೆ.

“ಬಸಪ್ಪ ಅಂದ್ರ ಓಣಿಗಿ ಇಬ್ರು ಮೂವ್ರು ಇದ್ರು. ಅವ್ರ ಹೊಲ ಯಾವ ಕಡಿ ಇತ್ತು?”

ಗೊತ್ತಿಲ್ಲವೆಂದೆ. ಪಕ್ಕದ ಮನೆ ಯಾರದು, ನನ್ನ ಅಜ್ಜಿಯ ತವರು ಯಾವುದು ಎಂದು ಅವರು ಕೇಳುತ್ತಲೇ ಹೋದರು. ಹತ್ತಾರು ಪಾಠ ಬಾಯಿಪಾಠ ಬರುವ ಮೇಷ್ಟ್ರಿಗೆ ತನ್ನ ಮನೆಯ ಪಾಠವೇ ಬರಲಿಲ್ಲ. ನಾಚಿಕೆಯೂ ಆಯಿತು, ದುಃಖವೂ ಆಯಿತು.

ಅಜ್ಜಿಗೆ ಕನಿಕರ ಹುಟ್ಟಿರಬೇಕು. “ಇರ್ಲಿ ಬಿಡ್ರಿ, ನೆಳ್ಳಾಗ ಬಂದು ಕುಂಡ್ರಿ” ಎಂದು ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟರು. ಆಮೇಲೆ ಒಳಗಿದ್ದ ಸೊಸೆಯನ್ನು ಕೂಗಿ ಹೇಳಿದರು:

“ಯವ್ವಾ, ರಾಯಚೂರವ್ರು ಬಂದಾರ. ನೀರು ತಗೊಂಡು ಬಾ.”

ಅಜ್ಜನ ಊರಿನಲ್ಲಿ ಕಡೆಗೂ ನನಗೊಂದು ಹೆಸರು ಸಿಕ್ಕಿತು. ಸೊಸೆ ತಂದ ತಂಬಿಗೆಯನ್ನು ಎತ್ತಿ ನೀರು ಕುಡಿದೆ.