ಬೀಳದೆಯೇ ಮುರಿದ ಮೂಳೆ

ವೇದಾ ಆರು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತವಳು. ಯಲಹಂಕದಿಂದ ಮೆಜೆಸ್ಟಿಕ್‌ವರೆಗೆ ಕಂಬಿ ಹಿಡಿಯದೆಯೇ ಟಿಕೆಟ್ ಕೊಡುತ್ತಿದ್ದಳು. ಬಸುರಿನ ಎಂಟನೇ ತಿಂಗಳಲ್ಲಿ ಎಡ ತೊಡೆಸಂದಿನಲ್ಲಿ ನೋವು ಶುರುವಾದಾಗ ತಾಯಿ ದ್ರೌಪದಮ್ಮ, "ಮಗೂ ಭಾರ ಕಣೆ, ಹೆತ್ ಮೇಲೆ ಹೋಗ್ತದೆ" ಎಂದರು.

ಹೆರಿಗೆಯಾಯಿತು, ನೋವು ಹೋಗಲಿಲ್ಲ. ಆರ್.ಟಿ. ನಗರದ ತವರಿನಲ್ಲಿ ಬಾಣಂತನ. ಥಂಡಿ ಇಳಿದಿರಬೇಕೆಂದು ದ್ರೌಪದಮ್ಮ ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಸೊಂಟಕ್ಕೆ ಬಟ್ಟೆ ಬಿಗಿದರು. ಮಂಚ ಹತ್ತುವಾಗ ವೇದಾ ಎಡಗಾಲನ್ನು ಎರಡೂ ಕೈಯಿಂದ ಎತ್ತಿಡಬೇಕಾಗುತ್ತಿತ್ತು. ಮಗಳನ್ನು ಹೊತ್ತು ಬಿದ್ದುಬಿಟ್ಟರೆ ಎಂಬ ಹೆದರಿಕೆ ಹಗಲಿಡೀ ಕಾಡುತ್ತಿತ್ತು. ಸೋಮಾರಿ ಅಂದಾರೆಂದು ಯಾರಿಗೂ ಹೇಳಲಿಲ್ಲ.

ಐದನೇ ವಾರ, ಒಂದು ಬೆಳಿಗ್ಗೆ, ತೊಟ್ಟಿಲ ಕಡೆ ತಿರುಗಿದಾಗ ಒಳಗೆ ಏನೋ ಲಟಕ್ ಎಂದಿತು. ಬೀಳಲಿಲ್ಲ, ಮಂಚದ ಅಂಚಿನಲ್ಲಿ ಕುಸಿದು ಕೂತಳು. ಪಾದ ತನ್ನದಲ್ಲವೆಂಬಂತೆ ಹೊರಕ್ಕೆ ಹೊರಳಿತ್ತು.

ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರ್ ಗಜಾಲಾ ಎಕ್ಸ್‌ರೇ ನೋಡಿದರು. ವೇದಾಳ ಗಂಡ ಯೋಗಾನಂದನನ್ನು ಹೊರಗೆ ಕಳಿಸಿ ಮೆಲ್ಲಗೆ ಕೇಳಿದರು.

"ಎಲ್ಲಾದ್ರೂ ಬಿದ್ರಾ?"

"ಇಲ್ಲ ಮೇಡಂ."

"ಯಾರಾದ್ರೂ ಹೊಡೆದ್ರಾ? ನನ್ ಹತ್ರ ಹೇಳ್ಬೋದು."

"ಅಯ್ಯೋ, ಇಲ್ಲ."

ಸ್ಕ್ಯಾನ್ ಆದ ಮೇಲೆ ಮನೆಯವರನ್ನು ಒಳಗೆ ಕರೆದರು. "ಇಪ್ಪತ್ತೆಂಟು ವರ್ಷಕ್ಕೆ ಬೀಳದೆ ಸೊಂಟದ ಕೀಲಿನ ಮೂಳೆ ಮುರಿಯೋದು ತುಂಬಾ ಅಪರೂಪ. ಬಸುರಲ್ಲಿ ಕೆಲವರಿಗೆ ಮೂಳೆ ಟೊಳ್ಳಾಗುತ್ತೆ. ಇವತ್ತೇ ಆಪರೇಷನ್ ಮಾಡ್ಬೇಕು. ತಡ ಆದ್ರೆ ಮೂಳೆ ತುದಿಗೆ ರಕ್ತ ಹೋಗೋದು ನಿಂತುಬಿಡ್ಬೋದು. ಬಲಗಡೆದೂ ಸ್ವಲ್ಪ ವೀಕಾಗಿದೆ."

"ಅದೂ ಮುರಿಯುತ್ತಾ ಮೇಡಂ?" ವೇದಾ ಕೇಳಿದಳು.

"ಮುರೀದಂಗೆ ನೋಡ್ಕೊಳ್ಳೋಣ."

ಮುರಿಯಲ್ಲ ಎನ್ನಲಿಲ್ಲವಲ್ಲ ಎಂಬುದೊಂದೇ ವೇದಾಳ ತಲೆಯಲ್ಲಿ ಉಳಿಯಿತು. ಸ್ಟ್ರೆಚರ್ ತಳ್ಳುವಾಗ ಅಮ್ಮನ ಸೆರಗು ಬಿಡಲಿಲ್ಲ. "ನಾನ್ ಎದ್ ಬರ್ದೇ ಹೋದ್ರೆ ಮಗೂಗೆ ಹಾಲ್ ಯಾರ್ ಕೊಡ್ತಾರಮ್ಮ?" ದ್ರೌಪದಮ್ಮ ಸೆರಗು ಬಿಡಿಸಿಕೊಳ್ಳದೆ ಆಪರೇಷನ್ ಕೋಣೆಯ ಬಾಗಿಲವರೆಗೂ ಜೊತೆಗೇ ನಡೆದರು.

ಮೂರು ಸ್ಕ್ರೂ ಹಾಕಿ ಮೂಳೆ ಕೂಡಿಸಿದರು. ಮೈಯ ಕ್ಯಾಲ್ಸಿಯಂ ಇನ್ನಷ್ಟು ಕರಗದಿರಲೆಂದು ಎದೆಹಾಲು ಬಿಡಿಸಿದರು. ಅಲ್ಲಿಯವರೆಗೆ ಕಣ್ಣೀರು ಹಾಕದಿದ್ದ ವೇದಾ ಅಂದು ಅತ್ತಳು. ಎರಡು ತಿಂಗಳು ಎಡಗಾಲು ನೆಲಕ್ಕೂರಲಿಲ್ಲ. ಬಲಗಾಲಿನಲ್ಲಿ ಚೂರು ಸೆಳೆತ ಬಂದರೂ ಬೆವರುತ್ತಿದ್ದಳು. ಮೂರನೇ ತಿಂಗಳ ಎಕ್ಸ್‌ರೇಯಲ್ಲಿ ಮುರಿತದ ಗೆರೆ ಮಸುಕಾಗಿತ್ತು. "ಕೂಡ್ಕೊಂಡಿದೆ. ಆದ್ರೂ ಎರಡು ವರ್ಷ ಬಂದು ತೋರಿಸ್ತಾ ಇರ್ಬೇಕು" ಎಂದರು ಗಜಾಲಾ.

ಈಗ ಡಿಪೋದಲ್ಲಿ ಅವಳಿಗೆ ಕೂತು ಮಾಡುವ ಕೆಲಸ. ಇನ್ನೊಂದು ಮಗು ಯಾವಾಗ ಎಂದು ನೆಂಟರು ಕೇಳಿದರೆ ವೇದಾ ಅಡುಗೆಮನೆಗೆ ಎದ್ದುಹೋಗುತ್ತಾಳೆ. ಯೋಗಾನಂದ "ಒಬ್ಳು ಸಾಕು ಕಣ್ರೀ" ಎಂದು ಮಾತು ಬದಲಿಸುತ್ತಾನೆ.