ಸಿಂಬಿ ಮತ್ತು ಮಣ್ಣಿನ ಕಂಬ

ನಮ್ಮ ಅಡುಗೆಮನೆಯ ಮೂಲೆಯಲ್ಲಿ ನೀರಿನ ಕೊಡ ಕೂತಿರುವುದು ಹಳೆಯ ಸೀರೆಯನ್ನು ಹೊಸೆದು ಸುತ್ತಿದ ಒಂದು ಸಿಂಬಿಯ ಮೇಲೆ. ಅದಿಲ್ಲದಿದ್ದರೆ ನೆಲದ ಮೇಲಿನ ಕೊಡ ಉರುಳುತ್ತದೆ, ತಲೆಯ ಮೇಲಿನ ಹೊರೆ ನೆತ್ತಿಯನ್ನು ಒತ್ತಿ ಸವೆಸುತ್ತದೆ. ಇಷ್ಟು ಉಪಕಾರ ಮಾಡಿಯೂ ಯಾರ ಕಣ್ಣಿಗೂ ಬೀಳದೆ ಅಡಿಯಲ್ಲೇ ಉಳಿಯುವ ವಸ್ತು. ನಾನೂ ಅದನ್ನು ನಿಜವಾಗಿ ನೋಡಿದ್ದು ಮೊನ್ನೆಯೇ, ಗೆಳೆಯರೇ.

ಮಗಳು ಸುಮಾ ಶಹಾಪುರದಲ್ಲಿ ಟೀಚರು. ಅವಳು ತರುವ ಪುಸ್ತಕಗಳಲ್ಲಿ ಈಗೀಗ ನೊಂದ ಬಾಲ್ಯದ ಕಥೆಗಳೇ ಹೆಚ್ಚು: ಹಸಿದವರು, ಹೊಡೆತ ತಿಂದವರು, ಮನೆ ಬಿಟ್ಟು ಓಡಿದವರು. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟರೂ ಓದು ಬಿಟ್ಟವನಲ್ಲ ನಾನು, ಎಲ್ಲವನ್ನೂ ಓದಿದೆ. ಇವಕ್ಕೇಕೆ ಇಷ್ಟು ಮಂದಿ ಮುಗಿಬೀಳುತ್ತಾರೆ? ಪರರ ಅಳು ನೋಡುವ ಚಟವೆಂದು ಮೊದಲು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಆ ಪುಟಗಳಲ್ಲಿ ನಾವು ಹುಡುಕುವುದು ನಮ್ಮದೇ ಗಾಯವನ್ನು.

“ನೀನೂ ಬರೀಪ್ಪಾ, ನಮ್ಮ ಟೀಚರ್ಸ್ ಎಲ್ಲಾ ಕೂಡಿ ಪುಸ್ತಕ ಮಾಡಾಕತ್ತೀವಿ,” ಎಂದಳು ಸುಮಾ. ಬರೆದೆ. ದೋರನಹಳ್ಳಿಯ ಕಡೆ ಕಾಲುವೆ ಅಗೆಯುತ್ತಿದ್ದ ಕಾಲದಲ್ಲಿ ಅವ್ವ ನನ್ನನ್ನು ಶಾಲೆ ಬಿಡಿಸಿ ಮಣ್ಣು ಹೊರಲು ಕರೆದೊಯ್ದದ್ದು, ದಿನಾ ಹೊಡೆದದ್ದು, ನನ್ನ ಶಾಲೆಯ ಅಂಗಿಯನ್ನು ಕಣ್ಣೆದುರೇ ಪರ್ರನೆ ಹರಿದು ಸಿಂಬಿ ಮಾಡಿದ್ದು. ‘ನನ್ನ ಶಾಲೆಯನ್ನೇ ಸುತ್ತಿ ನನ್ನ ತಲೆಯ ಮೇಲಿಟ್ಟಳು’ ಎಂಬ ವಾಕ್ಯದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಸುಮಾ ಅದನ್ನು ಅಂಗಳದಲ್ಲಿ ಗಟ್ಟಿಯಾಗಿ ಓದಿದಳು. ತೊಗರಿಬೇಳೆ ಹಸನು ಮಾಡುತ್ತಿದ್ದ ಅವ್ವನ ಕೈ ಮೊರದಲ್ಲೇ ನಿಂತಿತು. ಎಂಬತ್ತರ ಹತ್ತಿರದ ಅವಳನ್ನು ಊರ ಮುಂದೆ ನಿಲ್ಲಿಸಿ ನಾನು ಗೆಲ್ಲುವುದೇನಿತ್ತು?

“ದಿನಾ ಎಲ್ಲಿ ಹೊಡದೆನೋ ಹಣಮಂತಾ?” ಎಂದಳು ಅವ್ವ. “ಒಮ್ಮೆ ಹೊಡದೀನಿ, ಬುಟ್ಟಿ ಒಗದು ಓಡಿದಾಗ. ದಿನಾ ಹೊಡಿಯಾಕ ನನಗ ಪುರುಸೊತ್ತರ ಎಲ್ಲಿತ್ತು?”

ಸುಮಾ ನಕ್ಕಳು. ನನಗೆ ಮಾತ್ರ ಒಂದು ಮಣ್ಣಿನ ಕಂಬ ನೆನಪಾಯಿತು. ಕಾಲುವೆಗೆ ಮಣ್ಣು ತೆಗೆಯುವಾಗ ಗುಂಡಿಯ ನಡುವೆ ಒಂದು ಕಂಬದಷ್ಟು ನೆಲವನ್ನು ಅಗೆಯದೆ ಬಿಡುತ್ತಿದ್ದರು. ಎಷ್ಟು ಆಳ ತೋಡಿದೆವು ಎಂಬುದಕ್ಕೆ ಅದೊಂದೇ ಸಾಕ್ಷಿ, ಕೂಲಿ ಕೊಡುತ್ತಿದ್ದದ್ದೂ ಅದರ ಎತ್ತರ ಅಳೆದೇ. ಅಳತೆಯವರು ಬರುವ ಮುಂಚೆ ನಾವು ಅದರ ತಲೆಗೆ ಎರಡು ಬುಟ್ಟಿ ಮಣ್ಣು ಮೆತ್ತಿ, ಮೇಲೊಂದು ಹುಲ್ಲಿನ ಹೆಂಟೆ ಕೂರಿಸಿ, ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಮಾಡುತ್ತಿದ್ದೆವು. ತೋಡಿದ ಆಳ ಸುಳ್ಳಲ್ಲ, ಪಟ್ಟ ಕಷ್ಟವೂ ಸುಳ್ಳಲ್ಲ. ಆದರೂ ಮೇಲಿನ ಆ ಎರಡು ಬುಟ್ಟಿ ನಮ್ಮವೇ.

“ಮತ್ತ ಅಂಗಿ?” ಎಂದೆ, ಸೋಲಲು ಮನಸ್ಸಿಲ್ಲದೆ.

“ಅಂಗಿ ಹರದದ್ದು ಖರೆ. ಹೇನಾಗ್ಯಾವಂತ ನಿನ್ನ ತಲಿ ಬೋಳಿಸಿದ್ನಿ. ಬರೇ ನೆತ್ತಿ ಮ್ಯಾಲ ಬುಟ್ಟಿ ಹ್ಯಾಂಗ ಇಡ್ಲಿ? ಮನ್ಯಾಗ ಮೆತ್ತಗಿನ ಅರಿವಿ ಅದೊಂದೇ ಇತ್ತು.”

“ನಿನ್ನ ಸಿಂಬಿ ಯಾವುದಿತ್ತಬೇ?”

“ನನಗ್ಯಾಕೋ ಸಿಂಬಿ? ಕೂದಲಿದ್ವಲ್ಲ!” ಎಂದು ನಕ್ಕು ಮತ್ತೆ ಮೊರಕ್ಕೆ ಬಾಗಿದಳು. “ಕಳಸು, ಕಳಸು. ಹರದದ್ದೂ ಇರ್ಲಿ. ಹರದೀನಲ್ಲ.”

‘ದಿನಾ’ ಎಂಬ ಮಾತನ್ನು ಹೊಡೆದುಹಾಕಿದೆ. ಹೆಮ್ಮೆಯ ವಾಕ್ಯವನ್ನು ತೆಗೆಯಲಿಲ್ಲ. ಅದರ ಕೆಳಗೆ ಅವ್ವನ ಮಾತನ್ನು ಅವಳು ಆಡಿದಂತೆಯೇ ಇಳಿಸಿದೆ. ಹಾಗೆ ಬರೆಯುವಾಗ, ಬಾಗಿ ಕೂತ ಅವಳ ಸೆರಗು ಜಾರಿ ನೆತ್ತಿ ಕಂಡಿತು. ನಡುವೆ, ಬುಟ್ಟಿಯ ತಳ ಕೂರುವ ಕಡೆ, ಅಂಗೈ ಅಗಲದಷ್ಟು ಜಾಗದಲ್ಲಿ ಒಂದು ಕೂದಲೂ ಇರಲಿಲ್ಲ. ವಯಸ್ಸಿಗೆ ಉದುರಿವೆ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ.

ಒಳಗೆ ಹೋಗಿ ಕೊಡವನ್ನು ಎತ್ತಿ ಸಿಂಬಿಯನ್ನು ಕೈಗೆ ತೆಗೆದುಕೊಂಡೆ. ಮೆತ್ತಗಿತ್ತು.